ಇಳಿವಯಸ್ಸಿಗೆ ಊರೊಳಗೊಂದು ಜಾಗ: ಭೂ ಉಪಯೋಗ ಬದಲಾವಣೆ ಮತ್ತು ನೆರವಿನ ವಸತಿ



ನಗರ ಯೋಜನೆಯ ನಕ್ಷೆಗಳಲ್ಲಿ ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಸಾರ್ವಜನಿಕ ಮತ್ತು ಅರೆ ಸಾರ್ವಜನಿಕ ಸಂಸ್ಥೆಗಳಿಗೆ ಕೆಂಪು, ಉದ್ಯಾನ ಹಾಗೂ ಬಯಲಿಗೆ ಹಸಿರು ಬಣ್ಣ ಬಳಿಯುವ ರೂಢಿಯಿದೆ. ನೋಡುವವರಿಗೆ ಇವು ಬರಿಯ ಬಣ್ಣಗಳಾಗಿ ಕಂಡರೂ ಮಹಾಯೋಜನೆಗೆ ಸರ್ಕಾರದ ಮಂಜೂರಾತಿ ದೊರೆತ ದಿನದಿಂದ ಅವು ಕಾನೂನಿನ ಕಟ್ಟಳೆಗಳಾಗುತ್ತವೆ; ಯಾವ ಜಮೀನಿನಲ್ಲಿ ಮನೆ ಏಳಬಹುದು, ಎಲ್ಲಿ ಗಿರಣಿ ನಡೆಯಬಹುದು, ಎಲ್ಲಿ ಏನನ್ನೂ ಕಟ್ಟಕೂಡದು ಎಂಬುದನ್ನು ಅವೇ ನಿರ್ಧರಿಸುತ್ತವೆ. ಹೀಗೆ ಊರನ್ನು ಬಳಕೆಗೆ ತಕ್ಕಂತೆ ಭಾಗ ಮಾಡಿ, ಪ್ರತಿ ಭಾಗಕ್ಕೂ ಪ್ರತ್ಯೇಕ ನಿಯಮ ವಿಧಿಸುವ ಕ್ರಮಕ್ಕೆ ವಲಯೀಕರಣವೆಂದು ಹೆಸರು. ವಯಸ್ಸಾದವರು ಒಂದಷ್ಟು ನೆರವಿನೊಡನೆ ಬಾಳುವ ಮನೆಗೆ ಈ ನಕ್ಷೆಯಲ್ಲಿ ಯಾವ ಬಣ್ಣ ಸಲ್ಲಬೇಕು ಎಂಬುದು ಈ ಉಪನ್ಯಾಸದ ಪ್ರಶ್ನೆ. ಪ್ರಶ್ನೆ ಚಿಕ್ಕದಾಗಿ ತೋರಿದರೂ ಅದಕ್ಕೆ ಸಿಗುವ ಉತ್ತರದ ಮೇಲೆಯೇ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಂಥ ಊರುಗಳ ಮುಪ್ಪು ಪೇಟೆಯ ನಡುವೆ ಕಳೆಯುವುದೋ ಹೆದ್ದಾರಿಯ ಅಂಚಿನಲ್ಲಿ ಕಳೆಯುವುದೋ ಎಂಬುದು ನಿಂತಿದೆ.

ನೆರವಿನ ವಸತಿ ಎಂದರೆ ಏನು ಎಂಬುದನ್ನು ಮೊದಲು ತಿಳಿಯಾಗಿಸಬೇಕು. ಅದು ದಿಕ್ಕಿಲ್ಲದವರಿಗೆ ಅನ್ನ ಬಟ್ಟೆ ಕೊಡುವ ವೃದ್ಧಾಶ್ರಮವಲ್ಲ, ರೋಗಿಯನ್ನು ಹಾಸಿಗೆಯಲ್ಲಿ ಮಲಗಿಸಿ ಉಪಚರಿಸುವ ಆಸ್ಪತ್ರೆಯೂ ಅಲ್ಲ. ಸ್ನಾನಕ್ಕೆ ಒಂದು ಕೈಯ ಆಸರೆ, ಹೊತ್ತಿಗೆ ಸರಿಯಾಗಿ ಗುಳಿಗೆ, ಹೊತ್ತಿಗೆ ಸರಿಯಾಗಿ ಊಟ, ರಾತ್ರಿ ಬಿದ್ದರೆ ಎತ್ತುವವರು ಇಷ್ಟು ಬೇಕಾಗಿರುವ, ಉಳಿದಂತೆ ತಮ್ಮ ಬದುಕನ್ನು ತಾವೇ ನಡೆಸಬಲ್ಲ ಹಿರಿಯರು ತಮ್ಮದೇ ಕೋಣೆಯಲ್ಲಿ, ತಮ್ಮದೇ ಸಾಮಾನಿನೊಡನೆ ಇರುವ ಏರ್ಪಾಡು ಅದು. ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಕೆರೆನ್ ಬ್ರೌನ್ ವಿಲ್ಸನ್ ಎಂಬ ವಿದ್ವಾಂಸೆ 1983ರಲ್ಲಿ 112 ಮನೆಗಳ ಇಂಥ ವಸತಿಯೊಂದನ್ನು ತೆರೆದಾಗ ಹಿಡಿದ ಹಟ ಇಂದಿಗೂ ಈ ವಿಚಾರದ ತಿರುಳಾಗಿ ಉಳಿದಿದೆ: ಬಾಗಿಲಿನ ಬೀಗದ ಕೈ ಒಳಗಿರುವ ಹಿರಿಯರ ಬಳಿಯೇ ಇರತಕ್ಕದ್ದು. ಬೀಗದ ಕೈ ಯಾರಲ್ಲಿದೆ ಎಂಬುದರಿಂದಲೇ ಮನೆ ಯಾವುದು, ಸಂಸ್ಥೆ ಯಾವುದು ಎಂಬುದು ತೀರ್ಮಾನವಾಗುತ್ತದೆ. ಹಾಗಿದ್ದಮೇಲೆ ನೆರವಿನ ವಸತಿ ಮೂಲತಃ ವಸತಿಯೇ. ಅದನ್ನು ಹಳದಿ ಬಣ್ಣದಿಂದ ಹೊರಗಿಡಲು ಬಲವಾದ ಕಾರಣ ಬೇಕು.

ಹಾವೇರಿ ಭಾಗದಲ್ಲಿ ಜಮೀನಿನ ಬಳಕೆ ಬದಲಾಯಿಸುವ ಮಾತು ಬಂದೊಡನೆ ಜನರ ಬಾಯಿಗೆ ಬರುವುದು ‘ಎನ್.ಎ. ಮಾಡಿಸುವುದು’, ಅಂದರೆ ಬೇಸಾಯದ ಜಮೀನನ್ನು ಬೇಸಾಯೇತರವಾಗಿಸುವುದು. ಹಳಬರು ಇದನ್ನೇ ಬಿನ್‌ಶೇತ್ಕಿ ಎನ್ನುತ್ತಿದ್ದರು. ಇದಕ್ಕೊಂದು ಇತಿಹಾಸವಿದೆ. ಹಾವೇರಿ ಜಿಲ್ಲೆ 1997ರ ಆಗಸ್ಟ್‌ನಲ್ಲಿ ಪ್ರತ್ಯೇಕಗೊಳ್ಳುವವರೆಗೂ ಧಾರವಾಡ ಜಿಲ್ಲೆಯ ಭಾಗವಾಗಿತ್ತು, ಧಾರವಾಡವು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಬೇಸಾಯದ ಜಮೀನನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ ಕಲೆಕ್ಟರರ ಅಪ್ಪಣೆ ಬೇಕೆಂದು 1879ರ ಮುಂಬಯಿ ಭೂಕಂದಾಯ ಸಂಹಿತೆಯ 65ನೆಯ ಪ್ರಕರಣ ವಿಧಿಸಿತ್ತು. ಬೇಸಾಯದ ತೀರ್ವೆಗಿಂತ ಬೇರೆಯಾದ ಆಕಾರವನ್ನು ಗೊತ್ತುಮಾಡಿ ಖಜಾನೆ ತುಂಬಿಕೊಳ್ಳುವುದು ಆ ಅಪ್ಪಣೆಯ ಹಿಂದಿನ ಮುಖ್ಯ ಉದ್ದೇಶವಾಗಿತ್ತೇ ಹೊರತು ಊರು ಹೇಗೆ ಬೆಳೆಯಬೇಕೆಂಬ ಚಿಂತೆಯಲ್ಲ. ಇಂದಿನ ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 95ನೆಯ ಪ್ರಕರಣ ಅದೇ ಮನೆತನದ್ದು. ಜಿಲ್ಲಾಧಿಕಾರಿಗಳಿಂದ ಪಡೆಯುವ ಈ ಅನುಮತಿಗೆ ಭೂ ಪರಿವರ್ತನೆಯೆಂದು ಹೆಸರು.

ಭೂ ಉಪಯೋಗ ಬದಲಾವಣೆ ಇದರಿಂದ ಬೇರೆಯಾದದ್ದು; ಎರಡನ್ನೂ ಒಂದೇ ಎಂದು ತಿಳಿಯುವುದು ನಮ್ಮ ಊರುಗಳಲ್ಲಿ ಸರ್ವೇಸಾಮಾನ್ಯ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ ಅಡಿಯಲ್ಲಿ ಊರು ಹಾಗೂ ಅದರ ಸುತ್ತಲಿನ ಕೆಲವು ಹಳ್ಳಿಗಳನ್ನು ಸೇರಿಸಿ ಸ್ಥಳೀಯ ಯೋಜನಾ ಪ್ರದೇಶವೆಂದು ಘೋಷಿಸಲಾಗುತ್ತದೆ, ಅದಕ್ಕೊಂದು ಯೋಜನಾ ಪ್ರಾಧಿಕಾರವಿರುತ್ತದೆ, ಆ ಪ್ರಾಧಿಕಾರ ಮಹಾಯೋಜನೆಯನ್ನು ಸಿದ್ಧಪಡಿಸುತ್ತದೆ. ಯೋಜನೆಯಲ್ಲಿ ಗೊತ್ತುಮಾಡಿದ ಬಳಕೆಯನ್ನು ನಡುವೆಯೇ ಬದಲಾಯಿಸಬೇಕೆಂದರೆ ಆ ಅಧಿನಿಯಮದ 14-ಎ ಪ್ರಕರಣಕ್ಕೆ ಹೋಗಬೇಕು. ರಾಜ್ಯ ಸರ್ಕಾರದ ಪೂರ್ವಾನುಮತಿ ಪಡೆದು ಪ್ರಾಧಿಕಾರವು ಇಂಥ ಬದಲಾವಣೆಗೆ ಒಪ್ಪಬಹುದು. ಆದರೆ ಬದಲಾವಣೆ ಸಾರ್ವಜನಿಕ ಹಿತಕ್ಕೆ ಪೂರಕವಾಗಿರಬೇಕು, ಯೋಜನೆಗೆ ಸಂಬಂಧಿಸಿದ ಯಾವ ಕಾನೂನಿಗೂ ವಿರುದ್ಧವಾಗಿರಬಾರದು, ಮತ್ತು ಪ್ರಸ್ತಾವವನ್ನು ಆ ಪ್ರದೇಶದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಕನಿಷ್ಠ ಹದಿನೈದು ದಿನ ಆಕ್ಷೇಪಣೆಗಳಿಗೆ ಅವಕಾಶ ಕೊಟ್ಟಿರಬೇಕು. 95ನೆಯ ಪ್ರಕರಣ ಜಮೀನಿನ ಒಡೆಯನ ಕೋರಿಕೆಯಿಂದ ಆರಂಭವಾಗುತ್ತದೆ; 14-ಎ ಪ್ರಕರಣವಾದರೋ ಇಡೀ ಊರನ್ನು ಕೇಳಿಕೊಂಡೇ ಮುಂದೆ ಹೋಗಬೇಕೆಂದು ಬಯಸುತ್ತದೆ.

ಕೇಳುವ ಬಗೆ ಹೇಗಿದೆಯೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಉಚಿತ. ಪತ್ರಿಕೆಯ ಒಳಪುಟದಲ್ಲಿ, ಟೆಂಡರು ಪ್ರಕಟಣೆಗಳ ನಡುವೆ, ಸಣ್ಣ ಅಕ್ಷರದಲ್ಲಿ ಒಂದು ಪಟ್ಟಿ ಅಚ್ಚಾಗುತ್ತದೆ: ಗ್ರಾಮದ ಹೆಸರು, ಸರ್ವೆ ನಂಬರು, ಹಿಸ್ಸಾ ನಂಬರು, ಎಕರೆ-ಗುಂಟೆಗಳಲ್ಲಿ ವಿಸ್ತೀರ್ಣ, ಈಗಿನ ಉಪಯೋಗ, ಕೋರಿದ ಉಪಯೋಗ. ಜಮೀನನ್ನು ಕೆರೆಯ ಹಿಂದಿನ ಹೊಲವೆಂದೋ ಇಂಥವರ ತೋಟವೆಂದೋ ಗುರುತಿಸುವ ಊರವರಿಗೆ ಸರ್ವೆ ನಂಬರಿನಿಂದ ಏನೂ ತಿಳಿಯುವುದಿಲ್ಲ. ಅಲ್ಲಿ ವಸತಿ ಎಂದು ಕೋರಿದ್ದು ಹಿರಿಯರ ವಸತಿಗೋ ಮೂವತ್ತು-ನಲವತ್ತರ ಪ್ಲಾಟುಗಳ ಬಡಾವಣೆಗೋ ಎಂಬುದಂತೂ ಆ ಪಟ್ಟಿಯಿಂದ ಹೊಳೆಯುವುದೇ ಇಲ್ಲ. ಹದಿನೈದು ದಿನಗಳ ಗಡುವು ಹೀಗೆ ಕಾನೂನಿನ ಅಕ್ಷರಕ್ಕೆ ಸರಿಯಾಗಿ ಆರಂಭವಾಗಿ, ಯಾರ ಗಮನಕ್ಕೂ ಬಾರದೆ ಮುಗಿದುಹೋಗಬಲ್ಲದು. ಪ್ರಕಟಣೆಯಲ್ಲಿ ಉದ್ದೇಶಿತ ಕಟ್ಟಡದ ಬಗೆ, ಅಲ್ಲಿರುವವರ ಸಂಖ್ಯೆ ಮತ್ತು ಚಕ್ಕುಬಂದಿಯನ್ನು ಸೇರಿಸುವುದಕ್ಕೆ ಯಾವ ತಿದ್ದುಪಡಿಯೂ ಬೇಕಾಗಿಲ್ಲ.

ಇನ್ನು ಕಾನೂನು ಮುಪ್ಪನ್ನು ಯಾವ ಕಪಾಟಿನಲ್ಲಿಟ್ಟಿದೆ ಎಂಬುದನ್ನು ಪರಿಶೀಲಿಸಬೇಕು. ಈ ವಿಷಯದ ಗಂಟು ಇರುವುದು ಇಲ್ಲಿಯೇ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಕಟ್ಟಡಗಳನ್ನು ಬಳಕೆಗೆ ತಕ್ಕಂತೆ ಗುಂಪುಗಳಾಗಿ ವಿಂಗಡಿಸುತ್ತದೆ. ಮನೆ, ವಸತಿಗೃಹ, ಅಪಾರ್ಟ್‌ಮೆಂಟುಗಳು ‘ಎ’ ಗುಂಪಿನಲ್ಲಿವೆ. ವೃದ್ಧರ ಮತ್ತು ಅಶಕ್ತರ ನಿಲಯಗಳು ಮಾತ್ರ ಸಾಂಸ್ಥಿಕ ಕಟ್ಟಡಗಳ ‘ಸಿ’ ಗುಂಪಿನಲ್ಲಿ, ಆಸ್ಪತ್ರೆಗಳ ನಂತರ, ಸೆರೆಮನೆಗಳಂಥ ಕಟ್ಟಡಗಳಿಗಿಂತ ಒಂದು ಮೆಟ್ಟಿಲು ಹಿಂದೆ, ಅನಾಥಾಲಯಗಳ ಜೊತೆ ಪಾಲನಾ ಸಂಸ್ಥೆಗಳೆಂಬ ಉಪಗುಂಪಿನಲ್ಲಿ ಕುಳಿತಿವೆ. ಬೆಂಕಿ ಹತ್ತಿದಾಗ ತಾವಾಗಿಯೇ ಓಡಲಾರದವರ ಕಟ್ಟಡಕ್ಕೆ ಹೆಚ್ಚಿನ ಸುರಕ್ಷತೆ ಬೇಕು ಎಂಬ ದೃಷ್ಟಿಯಿಂದ ಈ ವಿಂಗಡಣೆ ತೀರ ಸಮಂಜಸವಾದದ್ದು. ಆದರೆ ಅಗ್ನಿಸುರಕ್ಷತೆಗಾಗಿ ಮಾಡಿದ ವಿಂಗಡಣೆಯೇ ಕಚೇರಿಯ ಮೇಜಿನ ಮೇಲೆ ಜಾಗದ ವಿಂಗಡಣೆಯಾಗಿ ಮಾರ್ಪಟ್ಟರೆ, ಸಂಸ್ಥೆ ಎಂಬ ಹಣೆಪಟ್ಟಿ ಹೊತ್ತ ಕಟ್ಟಡವನ್ನು ಕೆಂಪು ವಲಯದಲ್ಲಿ ಹುಡುಕಬೇಕಾಗುತ್ತದೆ. ಸಣ್ಣ ಊರಿನ ಕೆಂಪು ವಲಯವನ್ನು ಶಾಲೆ, ಕಚೇರಿ, ಆಸ್ಪತ್ರೆಗಳು ಮೊದಲೇ ತುಂಬಿರುತ್ತವೆ. ಆಗ ಉಳಿಯುವುದು ಊರಾಚೆಯ ಹೊಲವನ್ನು ಕೊಂಡು ಎನ್.ಎ. ಮಾಡಿಸುವ ದಾರಿಯೊಂದೇ.

ಅದೇ ದಾರಿಗೆ ಇನ್ನೊಂದು ಶಾಸನವೂ ನೂಕುತ್ತದೆ. ತಂದೆ ತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮ, 2007ರ 19ನೆಯ ಪ್ರಕರಣವು ಪ್ರತಿ ಜಿಲ್ಲೆಯಲ್ಲೂ ಕನಿಷ್ಠ ಒಂದು ವೃದ್ಧಾಶ್ರಮವನ್ನು, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸ್ಥಳಾವಕಾಶವಿರುವಂತೆ, ರಾಜ್ಯ ಸರ್ಕಾರ ಸ್ಥಾಪಿಸಬಹುದೆನ್ನುತ್ತದೆ. ಹಾವೇರಿ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಂತೆ ಸುಮಾರು 16 ಲಕ್ಷ. ಆಗ ರಾಜ್ಯದಲ್ಲಿ 60 ವರ್ಷ ದಾಟಿದವರ ಪಾಲು ಶೇ. 9.5ರಷ್ಟಿತ್ತು, ಅದೇ ಸರಾಸರಿಯನ್ನು ಜಿಲ್ಲೆಗೆ ಅನ್ವಯಿಸಿದರೆ ಹಿರಿಯರ ಸಂಖ್ಯೆ ಒಂದೂವರೆ ಲಕ್ಷವಾಗುತ್ತದೆ, ಅಂದರೆ 150ರ ಲೆಕ್ಕ ಸಾವಿರಕ್ಕೆ ಒಬ್ಬರಂತೆ ಬೀಳುತ್ತದೆ. ಕರ್ನಾಟಕದಲ್ಲಿ ಹಿರಿಯರ ಪಾಲು 2031ರ ಹೊತ್ತಿಗೆ ಶೇ. 15ಕ್ಕೆ ಏರುವುದೆಂದು ಕೇಂದ್ರ ಸರ್ಕಾರದ ತಜ್ಞರ ತಂಡ ಅಂದಾಜು ಮಾಡಿದೆ. ಸಂಖ್ಯೆ ಸಾಲದು ಎಂಬುದಕ್ಕಿಂತಲೂ ಗಂಭೀರವಾದುದು ಗಾತ್ರದ ತೊಡಕು. ನೂರೈವತ್ತು ಜನರಿಗೆ ಒಂದೇ ಆವರಣವೆಂದರೆ ಎಕರೆಗಟ್ಟಲೆ ಜಾಗ ಬೇಕು, ಎಕರೆಗಟ್ಟಲೆ ಜಾಗ ಊರ ನಡುವೆ ಸಿಗುವುದಿಲ್ಲ. ಹಾನಗಲ್ಲಿನ ಹಿರಿಯರನ್ನೂ ರಟ್ಟೀಹಳ್ಳಿಯ ಹಿರಿಯರನ್ನೂ ಜಿಲ್ಲಾ ಕೇಂದ್ರದ ಹೊರವಲಯದ ಒಂದು ಕಟ್ಟಡಕ್ಕೆ ತಂದು ಸೇರಿಸುವುದಕ್ಕಿಂತ, ಪ್ರತಿ ಪಟ್ಟಣದಲ್ಲೂ ಇಪ್ಪತ್ತು-ಮೂವತ್ತು ಜನರ ಚಿಕ್ಕ ಮನೆಗಳಿದ್ದರೆ ಒಳಿತೆಂದು ತಿಳಿಯಲು ದೊಡ್ಡ ಸಂಶೋಧನೆಯೇನೂ ಬೇಕಾಗುವುದಿಲ್ಲ.

ದೂರವೆಂಬುದು ಯುವಕರಿಗೆ ಕಿಲೋಮೀಟರುಗಳ ಮಾತು, ಎಂಬತ್ತರ ಅಜ್ಜಿಗೆ ಅದು ಹೆಜ್ಜೆಗಳ ಮಾತು. ಸಂಧ್ಯಾ ಸುರಕ್ಷಾ ಮಾಸಾಶನದ ವಿಚಾರಣೆಗೆ ಅಂಚೆ ಕಚೇರಿ, ರಕ್ತದೊತ್ತಡದ ಗುಳಿಗೆಗೆ ಔಷಧದಂಗಡಿ, ಸೋಮವಾರದ ದರ್ಶನಕ್ಕೆ ಗುಡಿ, ಸಂಜೆಯ ಮಾತಿಗೆ ಕಟ್ಟೆ, ಇವು ನಡೆದು ಮುಟ್ಟುವಷ್ಟು ಹತ್ತಿರವಿದ್ದಾಗ ಮಾತ್ರ ಹಿರಿಯರು ಊರಿನವರಾಗಿ ಉಳಿಯುತ್ತಾರೆ. ಮಗಳು ಸಂತೆಗೆ ಬಂದವಳು ಹಾಗೆಯೇ ತಾಯಿಯನ್ನು ಕಂಡುಹೋಗುವಂತಿದ್ದರೆ ಆ ಭೇಟಿ ವಾರಕ್ಕೊಮ್ಮೆ ನಡೆಯುತ್ತದೆ. ಹೆದ್ದಾರಿಯ ಬದಿಯಲ್ಲಿ ಬಸ್ಸು ನಿಲ್ಲದ ಕಡೆ ಇದ್ದರೆ ಅದು ಹಬ್ಬದಿಂದ ಹಬ್ಬಕ್ಕೆ ಸರಿಯುತ್ತದೆ. ಓಣಿಯ ಕಣ್ಗಾವಲು ಕೂಡ ಒಂದು ಬಗೆಯ ಆರೈಕೆಯೇ. ಬೆಳಗ್ಗೆ ಬಾಗಿಲು ತೆರೆಯದಿದ್ದರೆ ವಿಚಾರಿಸುವ ನೆರೆಯವರು ಇರುವಲ್ಲಿ ಸಂಸ್ಥೆಯ ನಿರ್ಲಕ್ಷ್ಯ ಬಹಳ ದಿನ ಮುಚ್ಚಿಟ್ಟುಕೊಂಡಿರಲಾರದು.

ಹಿರಿಯರ ವಸತಿ ಊರೊಳಗೇ ಇರಬೇಕೆಂಬ ಈ ತತ್ತ್ವ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ಊರುಗಳಲ್ಲಿ ಒಂದೇ ರೀತಿಯಾಗಿ ಅನ್ವಯವಾಗುವುದಿಲ್ಲ. ಹಾವೇರಿ ಜಿಲ್ಲಾ ಕೇಂದ್ರ. ಜಿಲ್ಲಾಸ್ಪತ್ರೆ ಊರಿನಲ್ಲಿದ್ದು, ಜಿಲ್ಲಾಡಳಿತ ಭವನ ದೇವಗಿರಿಯ ಕಡೆಗೆ ಸರಿದಿದೆ. ಕಚೇರಿಗಳು ಹೋದ ದಿಕ್ಕಿಗೆ ಬಡಾವಣೆಗಳೂ ಹೋಗುತ್ತವೆ, ಬಡಾವಣೆಗಳ ಬೆನ್ನಿಗೆ ಹಿರಿಯರ ವಸತಿಯ ಪ್ರಸ್ತಾವಗಳೂ ಅತ್ತಲೇ ಹೊರಡುವುದು ಸಹಜ. ಜಿಲ್ಲಾಸ್ಪತ್ರೆಯ ಸುತ್ತಲಿನ ಹಳೆಯ ವಸತಿ ಪ್ರದೇಶವನ್ನೇ ಇದಕ್ಕೆ ಮೊದಲು ನೋಡುವುದು ಯೋಜನೆಯ ವಿವೇಕವಾಗುತ್ತದೆ. ರಾಣೆಬೆನ್ನೂರು ಗಾತ್ರದಲ್ಲಿ ಜಿಲ್ಲಾ ಕೇಂದ್ರಕ್ಕಿಂತ ದೊಡ್ಡದು. 2011ರಲ್ಲಿ ಹಾವೇರಿ ನಗರದ ಜನಸಂಖ್ಯೆ 67 ಸಾವಿರದಷ್ಟಿದ್ದರೆ ರಾಣೆಬೆನ್ನೂರಿನದು ಒಂದು ಲಕ್ಷ ದಾಟಿತ್ತು. ಬಿತ್ತನೆ ಬೀಜದ ವ್ಯಾಪಾರದಿಂದ ಬೆಳೆದ ಈ ಪೇಟೆಯಲ್ಲಿ ಮಕ್ಕಳು ಬೆಂಗಳೂರು, ಹುಬ್ಬಳ್ಳಿಗಳಿಗೆ ಹೋಗಿ, ಕೈಯಲ್ಲಿ ಅಷ್ಟಿಷ್ಟು ಹಣವುಳ್ಳ ತಂದೆ ತಾಯಿಗಳು ದೊಡ್ಡ ಮನೆಗಳಲ್ಲಿ ಇಬ್ಬರೇ ಉಳಿದಿರುವ ಸ್ಥಿತಿ ಕಾಣುವುದರಿಂದ, ಹಣ ತೆತ್ತು ಇರುವ ನೆರವಿನ ವಸತಿಗೆ ಮೊದಲ ಬೇಡಿಕೆ ಬರುವುದಿದ್ದರೆ ಬಹುಶಃ ಇಲ್ಲಿಂದಲೇ. ಹಾಗಿದ್ದಲ್ಲಿ ಹೊಸ ಜಮೀನಿಗಿಂತ ಅಂಥ ದೊಡ್ಡ ಮನೆಗಳನ್ನೇ ಮಾರ್ಪಡಿಸಲು ವಲಯ ನಿಯಮಾವಳಿ ಎಡೆಮಾಡಿಕೊಟ್ಟರೆ ಭೂ ಉಪಯೋಗ ಬದಲಾವಣೆಯ ಪ್ರಶ್ನೆಯೇ ಏಳುವುದಿಲ್ಲ.

ಬ್ಯಾಡಗಿಯ ಮಾತು ಬೇರೆ. ಸುಮಾರು ಮೂವತ್ತು ಸಾವಿರ ಜನರ ಈ ಪುರಸಭೆಯ ಊರು ರಾಷ್ಟ್ರೀಯ ಹೆದ್ದಾರಿಯಿಂದ ಒಳಗೆ ಸರಿದಿದೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಇಲ್ಲಿನ ಮೆಣಸಿನಕಾಯಿ ಊರಿನ ಬದುಕನ್ನೂ ಗಾಳಿಯನ್ನೂ ಆಳುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ನಿಜ. ಆದರೂ ಸುಗ್ಗಿಯ ತಿಂಗಳುಗಳಲ್ಲಿ ಚೀಲ ಸುರುವಿ, ರಾಶಿ ಹೊರಳಿಸಿ, ತೊಟ್ಟು ಬಿಡಿಸುವಾಗ ಏಳುವ ಘಾಟು ಮತ್ತು ಧೂಳು ಉಬ್ಬಸದವರನ್ನು, ಹಳೆಯ ಕೆಮ್ಮಿನವರನ್ನು ಬಿಡದೆ ಕಾಡುತ್ತವೆ. ಇಲ್ಲಿ ಹಿರಿಯರ ವಸತಿಗೆ ಜಾಗ ಗೊತ್ತುಮಾಡುವವರು ಮಾರುಕಟ್ಟೆ ಪ್ರಾಂಗಣ, ಖಾರದ ಪುಡಿಯ ಗಿರಣಿಗಳು ಮತ್ತು ಶೀತಲ ಗೃಹಗಳು ಎಲ್ಲಿವೆ, ಸುಗ್ಗಿಯ ಕಾಲದಲ್ಲಿ ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ ಎಂಬುದನ್ನು ಮೊದಲು ಗುರುತು ಹಾಕಿಕೊಳ್ಳಬೇಕು. ಊರೊಳಗೆ ಇರಬೇಕೆಂಬ ತತ್ತ್ವಕ್ಕೆ ಬ್ಯಾಡಗಿ ಹೀಗೊಂದು ಮಿತಿಯನ್ನು ಹಾಕುತ್ತದೆ. ನಕ್ಷೆಯ ಬಣ್ಣ ಮಾತ್ರ ಈ ಗಾಳಿಯನ್ನು ಅರಿಯದು.

ಮುಪ್ಪಿನ ಹೆಸರು ಹೇಳಿದೊಡನೆ ಎಲ್ಲ ಬದಲಾವಣೆಯೂ ಸಾರ್ವಜನಿಕ ಹಿತವಾಗಿಬಿಡುತ್ತದೆಯೇ ಎಂಬ ಪ್ರಶ್ನೆಗೆ ಕರ್ನಾಟಕದ್ದೇ ಒಂದು ಮೊಕದ್ದಮೆ ಉತ್ತರ ಕೊಟ್ಟಿದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು 1976ರಲ್ಲಿ ಸರ್ಕಾರದ ಮೇಲ್ಮಟ್ಟದ ಸೂಚನೆಯಂತೆ ಖಾಸಗಿ ನರ್ಸಿಂಗ್ ಹೋಂ ಒಂದಕ್ಕೆ ಹಂಚಲಾಯಿತು. ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಎಂದು ಹೆಸರಾದ ಆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಆ ಹಂಚಿಕೆಯನ್ನು ತಳ್ಳಿಹಾಕಿದ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು. ನರ್ಸಿಂಗ್ ಹೋಂ ಉಪಯುಕ್ತವಾದುದೇ ಇರಬಹುದು, ಆದರೆ ಎಲ್ಲರಿಗೂ ಸೇರಿದ ಬಯಲನ್ನು ಖಾಸಗಿಯವರಿಗೆ ಒಪ್ಪಿಸಲು ಅಷ್ಟೇ ಸಾಲದು, ಯೋಜನೆಯನ್ನು ಬದಲಾಯಿಸಲು ಕಾನೂನು ಹೇಳಿದ ದಾರಿಯನ್ನು ಬಿಟ್ಟು ಮೇಲಿನವರ ಆದೇಶದಿಂದ ಬದಲಾಯಿಸಲು ಬರುವುದಿಲ್ಲ ಎಂಬುದು ಆ ತೀರ್ಪಿನ ಸಾರ. ಉದ್ಯಾನದ ಹಸಿರನ್ನು ಅಳಿಸಿ ಹಿರಿಯರ ವಸತಿ ಕಟ್ಟುವ ಯಾವ ಪ್ರಸ್ತಾವವೂ ಈ ತೀರ್ಪಿನ ಎದುರು ನಿಲ್ಲುವುದು ಕಷ್ಟ. ಹಿರಿಯರಿಗೂ ಕೂರಲು ಆ ಉದ್ಯಾನವೇ ಬೇಕಲ್ಲವೆ!

ಇದಕ್ಕೆ ಎದುರುಮುಖವಾದ ಅಪಾಯವೂ ಉಂಟು. ಅಮೆರಿಕದ ಟೆಕ್ಸಾಸ್ ರಾಜ್ಯದ ಕ್ಲಿಬರ್ನ್ ನಗರವು ಬುದ್ಧಿಮಾಂದ್ಯರಾದ ಹದಿಮೂರು ಮಂದಿ ಒಟ್ಟಿಗೆ ಇರುವ ಮನೆಯೊಂದಕ್ಕೆ ವಿಶೇಷ ಪರವಾನಗಿ ಬೇಕೆಂದು ವಿಧಿಸಿ, ಅಕ್ಕಪಕ್ಕದವರ ಅಂಜಿಕೆಯನ್ನೂ ಕಾರಣವಾಗಿ ಮುಂದಿಟ್ಟು ಅದನ್ನು ನಿರಾಕರಿಸಿತ್ತು. ಇತರ ಬಗೆಯ ಸಮುದಾಯ ವಸತಿಗಳಿಗೆ ಅದೇ ಜಾಗದಲ್ಲಿ ಬೇಡವಾದ ಪರವಾನಗಿ ಇವರಿಗೆ ಮಾತ್ರ ಏಕೆ ಬೇಕು ಎಂದು ಕೇಳಿದ ಅಲ್ಲಿನ ಸುಪ್ರೀಂ ಕೋರ್ಟು, ನೆರೆಯವರ ಅಸಮಾಧಾನವೊಂದೇ ವಲಯ ನಿಯಮಕ್ಕೆ ಆಧಾರವಾಗಲಾರದೆಂದು 1985ರಲ್ಲಿ ತೀರ್ಮಾನಿಸಿತು. ನಮ್ಮ ಓಣಿಗಳಲ್ಲಿ ಹಿರಿಯರ ವಸತಿಗೆ ಆಕ್ಷೇಪಣೆ ಬಂದರೆ ಅದು ಬಾಯಿಬಿಟ್ಟು ಹೇಳದ ಸ್ವರೂಪದಲ್ಲಿ ಬರುತ್ತದೆ: ಪದೇ ಪದೇ ಆಂಬುಲೆನ್ಸ್ ಬರುವುದು, ಸಾವು ಸೂತಕದ ಮಾತು, ನಿವೇಶನದ ಬೆಲೆ ಇಳಿಯುವ ಭಯ. ಚರಂಡಿ, ನೀರು, ವಾಹನ ನಿಲುಗಡೆಗಳ ಬಗೆಗಿನ ಆಕ್ಷೇಪಣೆಯನ್ನು ಪ್ರಾಧಿಕಾರ ಒಂದೊಂದಾಗಿ ಪರಿಶೀಲಿಸಿ ಉತ್ತರಿಸಬೇಕು. ಸೂತಕದ ಆಕ್ಷೇಪಣೆಯನ್ನು ಬದಿಗಿಡಬೇಕು. ಯಾವ ಓಣಿಯಲ್ಲಿ ಸಾವು ಆಗಿಲ್ಲ?

ಆದುದರಿಂದ ಅನುಮತಿಯ ಪ್ರಶ್ನೆಯಷ್ಟೇ ಮುಖ್ಯವಾದುದು ಅನುಮತಿಯ ಷರತ್ತುಗಳ ಪ್ರಶ್ನೆ. ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2019ರಲ್ಲಿ ಹೊರಡಿಸಿದ ನಿವೃತ್ತರ ವಸತಿಗಳ ಮಾದರಿ ಮಾರ್ಗಸೂಚಿಯು ಗಾಲಿಕುರ್ಚಿ ಸಾಗುವ ಇಳಿಜಾರು ದಾರಿ, ಜಾರದ ನೆಲ, ಹಿಡಿಕೆಗಳುಳ್ಳ ಬಚ್ಚಲು ಇವುಗಳನ್ನು ಹೇಳುವುದರ ಜೊತೆಗೆ, ಕಟ್ಟುವವರು, ಸೇವೆ ಒದಗಿಸುವವರು ಮತ್ತು ಮನೆ ಪಡೆದವರು ಈ ಮೂವರ ನಡುವೆ ಒಪ್ಪಂದವಿರಬೇಕೆಂದು ಸೂಚಿಸುತ್ತದೆ. ಇದು ರಾಜ್ಯಗಳಿಗೆ ಕೊಟ್ಟ ಮಾದರಿಯೇ ಹೊರತು ತಾನಾಗಿ ಜಾರಿಗೆ ಬರುವ ಕಾನೂನಲ್ಲ. ಕಟ್ಟುವವರು ಕಟ್ಟಿ ಮಾರಿ ಹೋಗುತ್ತಾರೆ, ಸೇವೆ ಮಾತ್ರ ಇಪ್ಪತ್ತು ವರ್ಷ ನಡೆಯಬೇಕಾಗುತ್ತದೆ. ಮೂರನೆಯ ವರ್ಷ ಅಡುಗೆಮನೆ ಮುಚ್ಚಿ, ಐದನೆಯ ವರ್ಷ ದಾದಿಯರನ್ನು ಕಳುಹಿಸಿ, ಕೊನೆಗೆ ಆ ಕೋಣೆಗಳನ್ನು ಬಾಡಿಗೆಯ ರೂಮುಗಳಾಗಿ ನಡೆಸುವುದನ್ನು ತಡೆಯುವ ಶಕ್ತಿ ಇಂದಿನ ಭೂ ಉಪಯೋಗ ಬದಲಾವಣೆಯ ಆದೇಶಕ್ಕೆ ಇಲ್ಲ. ‘ವಸತಿ’ ಎಂದು ಒಮ್ಮೆ ಬದಲಾದ ಜಮೀನು ಯಾರ ವಸತಿ ಎಂಬುದನ್ನು ಮರೆತುಬಿಡುತ್ತದೆ. ಹಿರಿಯರನ್ನು ಮುಂದಿಟ್ಟುಕೊಂಡು ಹೊಲವನ್ನು ಪ್ಲಾಟು ಮಾಡುವ ಆಸೆಗೆ ಹಾದಿ ತೆರೆಯುವುದು ಈ ಮರೆವಿನಿಂದಲೇ.

ಪರಿಹಾರದ ಒಂದು ಭಾಗ ಬಡಾವಣೆಯ ನಿಯಮಗಳಲ್ಲಿಯೇ ಇದೆ. ಹೊಸ ಬಡಾವಣೆಗೆ ಮಂಜೂರಾತಿ ಕೊಡುವಾಗ ಉದ್ಯಾನಕ್ಕೂ ನಾಗರಿಕ ಸೌಲಭ್ಯಕ್ಕೂ ಜಾಗ ಬಿಡಿಸಿಕೊಳ್ಳುವ ಪದ್ಧತಿಯಿದೆ. ನಾಗರಿಕ ಸೌಲಭ್ಯದ ಜಾಗಗಳನ್ನು ಜನರು ಸಿ.ಎ. ನಿವೇಶನಗಳೆಂದು ಕರೆಯುತ್ತಾರೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಅಧಿನಿಯಮ ನಾಗರಿಕ ಸೌಲಭ್ಯಗಳನ್ನು ಎಣಿಸುವಾಗ ಶಾಲೆ, ಹೆರಿಗೆ ಆಸ್ಪತ್ರೆ, ಶಿಶುಪಾಲನಾ ಕೇಂದ್ರಗಳನ್ನು ಹೆಸರಿಸಿ, ಸರ್ಕಾರ ಅಧಿಸೂಚಿಸುವ ಇತರ ಸೌಲಭ್ಯಗಳಿಗೂ ಎಡೆಯಿಟ್ಟಿದೆ. ಬಾಳಿನ ಮೊದಲ ತುದಿಗೆ ಹೆಸರು ಹಿಡಿದು ಕೊಟ್ಟ ಜಾಗವನ್ನು ಕೊನೆಯ ತುದಿಗೂ ಹೆಸರು ಹಿಡಿದೇ ಕೊಡುವುದು ನ್ಯಾಯ. ಸಿ.ಎ. ನಿವೇಶನವನ್ನು ಮಾರಾಟ ಮಾಡದೆ ಗುತ್ತಿಗೆಗೆ ಕೊಟ್ಟರೆ ಒಡೆತನ ಊರಿನಲ್ಲೇ ಉಳಿಯುತ್ತದೆ, ಸೇವೆ ನಿಂತರೆ ಜಾಗ ಹಿಂದಕ್ಕೆ ಬರುತ್ತದೆ. ಪ್ರಸಾದ ನಿಲಯಗಳನ್ನು ನಡೆಸಿ ತಲೆಮಾರುಗಳ ವಿದ್ಯಾರ್ಥಿಗಳನ್ನು ಓದಿಸಿದ ಮಠಗಳು, ಸಹಕಾರ ಸಂಘಗಳು ಇಂಥ ಗುತ್ತಿಗೆಗೆ ಮುಂದೆ ಬರಬಹುದಾದ ಸಂಸ್ಥೆಗಳು.

ಇನ್ನೊಂದು ಭಾಗ ದಾಖಲೆಯದು. ಭೂ ಉಪಯೋಗ ಬದಲಾವಣೆಯ ಆದೇಶದಲ್ಲಿ ಹಿರಿಯರ ನೆರವಿನ ವಸತಿಗೆ ಮಾತ್ರ ಎಂದು ಬರೆದು, ಆ ಷರತ್ತನ್ನು ಪ್ರಾಧಿಕಾರದ ಕಡತದಲ್ಲಿ ಕಟ್ಟಿಡದೆ ನಗರಸಭೆ ಅಥವಾ ಪುರಸಭೆಯ ಆಸ್ತಿ ದಾಖಲೆಯಲ್ಲೂ ಉಪನೋಂದಣಿ ಕಚೇರಿಯ ಋಣಭಾರ ಪತ್ರದಲ್ಲೂ ಕಾಣಿಸುವಂತೆ ಮಾಡಿದರೆ, ಮುಂದೆ ಕೊಳ್ಳುವವರು ಅದನ್ನು ತಿಳಿದೇ ಕೊಳ್ಳುತ್ತಾರೆ. ಗೊತ್ತುಪಡಿಸಿದ ಅವಧಿಯೊಳಗೆ ವಸತಿ ಕಟ್ಟಿ ನಡೆಸದಿದ್ದರೆ ಜಮೀನು ಹಿಂದಿನ ಉಪಯೋಗಕ್ಕೇ ಮರಳತಕ್ಕದ್ದೆಂಬ ಸಾಲೂ ಆ ಆದೇಶದಲ್ಲಿರಬೇಕು. ಮಹಾಯೋಜನೆಯನ್ನು ಹತ್ತು ವರ್ಷಗಳಿಗೊಮ್ಮೆಯಾದರೂ ಪರಿಷ್ಕರಿಸಬೇಕೆಂದು 1961ರ ಅಧಿನಿಯಮವೇ ಹೇಳಿರುವುದರಿಂದ, ಬಿಡಿ ಬಿಡಿಯಾಗಿ ಬರುವ ಅರ್ಜಿಗಳಿಗೆ 14-ಎ ಪ್ರಕರಣದ ಬಾಗಿಲು ತೆರೆಯುತ್ತ ಕೂರುವ ಬದಲು, ಮುಂದಿನ ಪರಿಷ್ಕರಣೆಯ ಹೊತ್ತಿಗೆ ಇಪ್ಪತ್ತು-ಮೂವತ್ತು ಜನರ ನೆರವಿನ ವಸತಿಯನ್ನು ವಸತಿ ವಲಯದ ಸಾಮಾನ್ಯ ಉಪಯೋಗಗಳ ಪಟ್ಟಿಗೇ ಸೇರಿಸಲು ಹಾವೇರಿ ಜಿಲ್ಲೆಯ ಪ್ರಾಧಿಕಾರಗಳಿಗೆ ಅವಕಾಶವಿದೆ.